ಕ್ಯಾಸೆಟ್ ಓಡಿದ್ದು ಊದಿದ್ದಕ್ಕಲ್ಲ

ತೊಂಬತ್ತರ ದಶಕದಲ್ಲಿ ವಿಡಿಯೊ ಗೇಮ್ ಇದ್ದ ಮನೆಗೆ ಬೇಸಿಗೆ ರಜೆಯಲ್ಲಿ ಬೀದಿಯ ಮಕ್ಕಳೆಲ್ಲ ಬಂದು ಸೇರುತ್ತಿದ್ದರು. ಕ್ಯಾಸೆಟ್ಟನ್ನು ಯಂತ್ರದ ನೆತ್ತಿಗೆ ಒತ್ತಿ, ಟಿವಿ ಚಾನೆಲ್ ತಿರುವಿ ಕಾಯುವುದು. ಪರದೆ ಬೂದಾಗಿಯೇ ಉಳಿದರೆ ಗುಂಪಿನ ದೊಡ್ಡವನು ಕ್ಯಾಸೆಟ್ ಕಿತ್ತು, ಅದರ ಬಾಯಿಗೆ ‘ಉಫ್’ ಎಂದು ಊದಿ ಮತ್ತೆ ಒತ್ತುತ್ತಿದ್ದ. ಮಾರಿಯೊ ಬಂದೇ ಬಿಡುತ್ತಿದ್ದ. ನಾನೂ ನೂರಾರು ಸಲ ಊದಿದ್ದೇನೆ, ಕಣ್ಣಾರೆ ಕಂಡಿದ್ದೇನೆ. ಇಂದಿಗೂ ಕನ್ಸೋಲ್ ಆಡುವ ನನಗೆ ಈ ಲೋಕದ ಹೆಚ್ಚಿನ ತಪ್ಪು ಕಲ್ಪನೆಗಳು ಹುಟ್ಟಿದ್ದು ಹೀಗೆಯೇ ಅನ್ನಿಸುತ್ತದೆ. ಕಂಡದ್ದು ಸುಳ್ಳಲ್ಲ. ಅದಕ್ಕೆ ಕೊಟ್ಟ ಕಾರಣ ಸುಳ್ಳು.

ಊದಿದಾಗ ದೂಳು ಹಾರಿ ಕ್ಯಾಸೆಟ್ ಓಡುತ್ತಿತ್ತು ಎಂಬುದು ನಂಬಿಕೆ. ನಿಜವಾಗಿ ಕೆಲಸ ಮಾಡಿದ್ದು ಉಸಿರಲ್ಲ, ಕಿತ್ತು ಮತ್ತೆ ಹಾಕಿದ್ದು. ಕ್ಯಾಸೆಟ್ಟಿನ ತುದಿಯಲ್ಲಿ ಸಾಲಾಗಿರುವ ಲೋಹದ ಪಟ್ಟಿಗಳು ಯಂತ್ರದೊಳಗಿನ ಪಿನ್ನುಗಳಿಗೆ ಒಂದೂ ಬಿಡದಂತೆ ತಾಗಬೇಕು. ಎರಡನೆಯ ಸಲ ಒತ್ತಿದಾಗ ಪಿನ್ನುಗಳು ಪಟ್ಟಿಯನ್ನು ಉಜ್ಜಿಕೊಂಡು ಹೋಗಿ ಸರಿಯಾಗಿ ಕೂರುತ್ತಿದ್ದವು. ಅಮೆರಿಕದಲ್ಲಿ 1985ರಲ್ಲಿ ಬಂದ ನಿಂಟೆಂಡೊ ಯಂತ್ರದ ಕಥೆ ಇನ್ನೂ ಸ್ವಾರಸ್ಯ. ಆಟಿಕೆಯಂತೆ ಕಾಣಬಾರದೆಂದು ಅದಕ್ಕೆ ವಿಸಿಆರ್ ರೂಪ ಕೊಟ್ಟಿದ್ದರು. ಕ್ಯಾಸೆಟ್ಟನ್ನು ಮುಂದಿನಿಂದ ತೂರಿಸಿ ಕೆಳಗೆ ಅದುಮಬೇಕಿತ್ತು. ಅದುಮಿ ಅದುಮಿ ಒಳಗಿನ 72 ಪಿನ್ನುಗಳು ಬಾಗಿ ಬಿಗಿ ಕಳೆದುಕೊಳ್ಳುತ್ತಿದ್ದವು. ನಕಲಿ ಕ್ಯಾಸೆಟ್ ತಡೆಯಲು ಇಟ್ಟ ಚಿಪ್ಪಿಗೆ ಕ್ಯಾಸೆಟ್ಟಿನ ಕಡೆಯಿಂದ ಸರಿಯಾದ ಉತ್ತರ ಬಾರದಿದ್ದರೆ ಯಂತ್ರ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು, ಕೆಂಪು ದೀಪ ಮಿನುಗುತ್ತಿತ್ತು. ನಮ್ಮಲ್ಲಿ ಮಾರಾಟವಾದವು ಬಹುಪಾಲು ನಿಂಟೆಂಡೊ ಜಪಾನಿನಲ್ಲಿ ಮಾರಿದ ಫ್ಯಾಮಿಕಾಮ್‌ನ ನಕಲುಗಳು. ಮೇಲಿನಿಂದ ಒತ್ತುವ, 60 ಪಿನ್ನಿನ ಯಂತ್ರಗಳು. ಅದುಮುವ ವ್ಯವಸ್ಥೆಯೂ ಇಲ್ಲ, ಕಾವಲು ಚಿಪ್ಪೂ ಇಲ್ಲ. ಯಂತ್ರವೇ ಬೇರೆಯಾದರೂ ಊದುವ ರೂಢಿ ಮಾತ್ರ ಒಂದೇ!

ಊದಿದ್ದರಿಂದ ಲಾಭವಿಲ್ಲದಿದ್ದರೆ ಹೋಗಲಿ, ನಷ್ಟವೂ ಇದೆ. ಉಸಿರಿನ ತೇವ ಲೋಹದ ಪಟ್ಟಿಯ ಮೇಲೆ ಕೂತು ನಿಧಾನವಾಗಿ ಅದನ್ನು ತಿನ್ನುತ್ತದೆ. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಎಚ್ಚರಿಸಿತ್ತು. ನಿಮ್ಮ ಅಟ್ಟದಲ್ಲಿ ಹಳೆಯ ಕ್ಯಾಸೆಟ್ ಇದ್ದರೆ, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಪಟ್ಟಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಮಾರಿಯೊ ಇಟ್ಟಿಗೆಯನ್ನು ತಲೆಯಿಂದ ಒಡೆಯುತ್ತಾನೆ ಎಂದು ನಂಬಿದವರೂ ಬಹಳ. ಚಿತ್ರ ನಿಲ್ಲಿಸಿ ನೋಡಿ. ಹಾರಿದಾಗ ಅವನ ಮುಷ್ಟಿ ಮೇಲಿರುತ್ತದೆ, ಏಟು ಬೀಳುವುದು ಅದರಿಂದ.

ಈಗಿನ ಕಾಲದ ನಂಬಿಕೆಗೆ ಬರೋಣ. ‘ಮನುಷ್ಯನ ಕಣ್ಣಿಗೆ ಸೆಕೆಂಡಿಗೆ 30 ಚಿತ್ರಕ್ಕಿಂತ ಹೆಚ್ಚು ಕಾಣುವುದೇ ಇಲ್ಲ, 60 ಎನ್ನುವುದೆಲ್ಲ ವ್ಯಾಪಾರ’ ಎಂಬ ಮಾತು ಕನ್ಸೋಲ್ ಆಡುವವರ ನಡುವೆ ವರ್ಷಗಳಿಂದ ಓಡಾಡುತ್ತಿದೆ. ಇದರ ಬೇರು ಸಿನಿಮಾದಲ್ಲಿದೆ. ಸೆಕೆಂಡಿಗೆ 24 ಚಿತ್ರಗಳ ಸಿನಿಮಾ ನಯವಾಗಿ ಕಾಣುವುದು ನಿಜ. ಆದರೆ ಸಾಮಾನ್ಯವಾಗಿ ಕ್ಯಾಮೆರಾದ ಪ್ರತಿ ಚಿತ್ರವೂ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ಬೆಳಕು ಹೀರಿಕೊಳ್ಳುತ್ತದೆ. ಓಡುವ ಕುದುರೆ ಆ ಅವಧಿಯಲ್ಲಿ ಕಲಸಿಕೊಂಡು ಮೂಡುತ್ತದೆ, ಆ ಕಲಸು ಒಂದು ಚಿತ್ರವನ್ನು ಇನ್ನೊಂದಕ್ಕೆ ಬೆಸೆಯುತ್ತದೆ. ಆಟದ ಯಂತ್ರ ಬಿಡಿಸುವುದು ಹೆಪ್ಪುಗಟ್ಟಿದ ಕ್ಷಣಗಳನ್ನು. ಅವುಗಳ ನಡುವಿನ ಖಾಲಿ ಜಾಗ ಕಣ್ಣಿಗೆ ಕುಲುಕಾಟವಾಗಿ ತಿಳಿಯುತ್ತದೆ. ಎಷ್ಟೋ ಆಟಗಳು ಕಲಸನ್ನು ಕೃತಕವಾಗಿ ಸೇರಿಸುವುದು ಅದಕ್ಕೇ.

ಕಣ್ಣಿಗಿಂತ ಮುಖ್ಯ ಕೈ. ಸಿನಿಮಾ ನೋಡುವಾಗ ನಾವು ಗುಂಡಿ ಒತ್ತುವುದಿಲ್ಲ. 30ರಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ 33 ಮಿಲಿಸೆಕೆಂಡ್, 60ರಲ್ಲಿ 17ಕ್ಕೂ ಕಡಿಮೆ, 120ರಲ್ಲಿ 8ರ ಆಸುಪಾಸು. ಚೆಂಡು ಬ್ಯಾಟಿಗೆ ಬರುವ ಹೊತ್ತಿಗೆ ಗುಂಡಿ ಒತ್ತಬೇಕಾದವನಿಗೆ ಈ ವ್ಯತ್ಯಾಸ ಬೆರಳಿನಲ್ಲೇ ಗೊತ್ತಾಗುತ್ತದೆ. ಹಾಗೆಂದು 60 ಇಲ್ಲದ ಆಟ ಕೀಳೆಂದು ನಾನು ಹೇಳುವುದಿಲ್ಲ. 1998ರ ‘ಒಕರಿನಾ ಆಫ್ ಟೈಮ್’ ಓಡಿದ್ದು ಸೆಕೆಂಡಿಗೆ 20 ಚಿತ್ರದಲ್ಲಿ, ಅದನ್ನು ಇಂದಿಗೂ ಶ್ರೇಷ್ಠ ಆಟಗಳ ಸಾಲಿನಲ್ಲಿ ಎಣಿಸುತ್ತಾರೆ. 60 ಎಂದು ಹೇಳಿಕೊಂಡು ನಡುನಡುವೆ 40ಕ್ಕೆ ಕುಸಿಯುವ ಆಟಕ್ಕಿಂತ ಕದಲದ 30 ನನಗೆ ಮೇಲು. ಗುಂಡಿಗೂ ಚಿತ್ರಕ್ಕೂ ನಡುವಿನ ತಡಕ್ಕೆ ದುಡ್ಡು ಖರ್ಚಿಲ್ಲದ ಒಂದು ಪರಿಹಾರವೂ ಇದೆ. ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿ. ಚಿತ್ರವನ್ನು ತಿದ್ದಿ ತೀಡಲು ಟಿವಿ ತೆಗೆದುಕೊಳ್ಳುವ ಸಮಯ ಅಲ್ಲಿ ಉಳಿಯುತ್ತದೆ.

ದುಬಾರಿ ಎಚ್‌ಡಿಎಂಐ ಕೇಬಲ್ ಹಾಕಿದರೆ ಬಣ್ಣ ಎದ್ದು ಕಾಣುತ್ತದೆ ಎಂಬುದಕ್ಕೆ ಹೆಚ್ಚು ಮಾತು ಬೇಡ. ಕೇಬಲ್ ಒಯ್ಯುವುದು ಅಂಕಿಗಳನ್ನು. ಅವು ತಲುಪಿದರೆ ಚಿತ್ರ ಪೂರ್ತಿ ಇರುತ್ತದೆ, ತಲುಪದಿದ್ದರೆ ಚುಕ್ಕಿಗಳು ಮಿಂಚುತ್ತವೆ ಅಥವಾ ಪರದೆ ಕಪ್ಪಾಗುತ್ತದೆ. ಬಣ್ಣ ಮಾಸುವುದಿಲ್ಲ. ಕೇಬಲ್ ಬದಲಿಸಿದ ಮೇಲೆ 4ಕೆ ಚಿತ್ರ 120ರಲ್ಲಿ ಓಡಿತು ಎನ್ನುವವರು ಹೇಳುವುದೂ ಸುಳ್ಳಲ್ಲ. ಹಳೆಯದು ಸೆಕೆಂಡಿಗೆ 18 ಗಿಗಾಬಿಟ್ಟಿನದು, ಹೊಸದು 48ರದು. ಫಲ ಕೊಟ್ಟದ್ದು ಆ ದರ್ಜೆ, ಚಿನ್ನದ ಲೇಪವಲ್ಲ. ಪ್ಲೇಸ್ಟೇಷನ್ 5ರ ಪೆಟ್ಟಿಗೆಯಲ್ಲಿ ಆ ದರ್ಜೆಯ ಕೇಬಲ್ ಕೊಟ್ಟೇ ಇರುತ್ತಾರೆ.

‘ಇ.ಟಿ.’ ಎಂಬ ಒಂದೇ ಆಟ 1983ರಲ್ಲಿ ವಿಡಿಯೊ ಗೇಮ್ ಉದ್ಯಮವನ್ನೇ ಮುಳುಗಿಸಿತು ಎನ್ನುವುದು ಈ ಲೋಕದ ಪುರಾಣ. ಹೋವರ್ಡ್ ಸ್ಕಾಟ್ ವಾರ್ಷಾ ಅದನ್ನು ಸುಮಾರು ಐದೇ ವಾರಗಳಲ್ಲಿ ಬರೆದಿದ್ದರು. 1982ರ ಕ್ರಿಸ್‌ಮಸ್ ಮಾರಾಟಕ್ಕೆ ಸಿಗಬೇಕಿತ್ತು, ಅಷ್ಟೇ ಆತುರ. ಆಟ ಸೋತಿತು, ಅದನ್ನು ಬಿಡುಗಡೆ ಮಾಡಿದ ಅಟಾರಿ ಕಂಪನಿ ಅಪಾರ ನಷ್ಟ ಅನುಭವಿಸಿತು, ಕ್ಯಾಸೆಟ್ಟುಗಳನ್ನು ನ್ಯೂ ಮೆಕ್ಸಿಕೊದ ಅಲಮೊಗಾರ್ಡೊದಲ್ಲಿ ಹೂಳಿದರು. ಇಷ್ಟೂ ನಿಜ. ಆದರೆ 2014ರ ಏಪ್ರಿಲ್‌ನಲ್ಲಿ ಅಗೆದಾಗ ‘ಸೆಂಟಿಪೀಡ್’, ‘ಮಿಸೈಲ್ ಕಮ್ಯಾಂಡ್’ನಂಥ ಗೆದ್ದ ಆಟಗಳೂ ಸಿಕ್ಕವು. ಅದು ಒಂದು ಆಟದ ಸಮಾಧಿಯಲ್ಲ, ಮಾರಾಟವಾಗದೆ ಉಳಿದ ಸರಕಿನ ಗುಂಡಿ. ಯಾರು ಬೇಕಾದರೂ ಆಟ ಮಾಡಿ ಮಾರಬಹುದಾಗಿತ್ತು, ಗುಣಮಟ್ಟ ನೋಡುವವರಿಲ್ಲ, ಅಂಗಡಿಗಳಲ್ಲಿ ರಾಶಿ, ಜೊತೆಗೆ ಮನೆ ಕಂಪ್ಯೂಟರುಗಳ ಬೆಲೆಯೂ ಇಳಿಯುತ್ತಿತ್ತು. ಕುಸಿದದ್ದು ಮುಖ್ಯವಾಗಿ ಅಮೆರಿಕದ ಮಾರುಕಟ್ಟೆ. ಅದೇ 1983ರ ಜುಲೈನಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಬಿಡುಗಡೆಯಾಯಿತು! ಐದು ವಾರ ಹಗಲಿರುಳು ದುಡಿದ ಒಬ್ಬ ಮನುಷ್ಯನ ತಲೆಗೆ ಇಡೀ ಉದ್ಯಮದ ತಪ್ಪು ಕಟ್ಟಿದ್ದು ಅನ್ಯಾಯ.

ಕೊನೆಯದು, ಹೆಚ್ಚು ದುಡ್ಡು ಕಳೆಯುವ ನಂಬಿಕೆ. ಶಕ್ತಿ ಹೆಚ್ಚಿರುವ ಯಂತ್ರವೇ ಗೆಲ್ಲುತ್ತದೆ, ಅದನ್ನೇ ಕೊಳ್ಳಬೇಕು. 1989ರ ಗೇಮ್ ಬಾಯ್‌ಗೆ ಬಣ್ಣವಿಲ್ಲ, ಪರದೆಗೆ ಬೆಳಕಿಲ್ಲ. ಮರುವರ್ಷ ಬಂದ ಸೆಗಾದ ಗೇಮ್ ಗಿಯರ್‌ಗೆ ಎರಡೂ ಇದ್ದವು, ಆದರೆ ಆರು ಶೆಲ್ಲು ನುಂಗಿ ಮೂರರಿಂದ ಐದು ಗಂಟೆಯಲ್ಲಿ ಮಲಗುತ್ತಿತ್ತು. ಗೇಮ್ ಬಾಯ್ ನಾಲ್ಕೇ ಶೆಲ್ಲಿನಲ್ಲಿ ಹದಿನೈದು ಗಂಟೆಗೂ ಹೆಚ್ಚು ಓಡಿತು. ಬಣ್ಣದ ಮಾದರಿಯೂ ಸೇರಿ 11.8 ಕೋಟಿ ಗೇಮ್ ಬಾಯ್ ಮಾರಾಟವಾದವು, ಗೇಮ್ ಗಿಯರ್ ಸುಮಾರು ಒಂದು ಕೋಟಿ. ಪಳಗಿದ, ಅಗ್ಗದ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸಬೇಕೆಂಬುದು ಗೇಮ್ ಬಾಯ್ ರೂಪಿಸಿದ ಗುನ್ಪೇಯ್ ಯೊಕೊಯ್ ಅವರ ನಿಲುವು. ನಿಂಟೆಂಡೊದ 2006ರ ಕನ್ಸೋಲ್ ವೀ ಕೂಡ ಪ್ಲೇಸ್ಟೇಷನ್ 3ಕ್ಕಿಂತ ಎಷ್ಟೋ ದುರ್ಬಲ, ಆದರೂ ಹತ್ತು ಕೋಟಿ ದಾಟಿ ಅದನ್ನು ಹಿಂದಿಕ್ಕಿತು.

ಈಗ ಪೆಟ್ಟಿಗೆಯ ಮಾತು ಟೆರಾಫ್ಲಾಪ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ 12, ಪ್ಲೇಸ್ಟೇಷನ್ 5ಕ್ಕೆ 10.28. ಒಳಗಿನ ಸಂಗ್ರಹದಿಂದ ಓದುವ ವೇಗದಲ್ಲಿ ಇದು ತಿರುವುಮುರುವು, ಮೊದಲಿನದಕ್ಕೆ ಸೆಕೆಂಡಿಗೆ 2.4 ಗಿಗಾಬೈಟ್, ಎರಡನೆಯದಕ್ಕೆ 5.5. ಎರಡರಲ್ಲೂ ಬರುವ ಆಟಗಳನ್ನು ಅಕ್ಕಪಕ್ಕ ಇಟ್ಟರೆ ಬಹಳ ಸಲ ಗುರುತು ಹಿಡಿಯುವುದೇ ಕಷ್ಟ. ಮಕ್ಕಳಿಗೆ ಕನ್ಸೋಲ್ ಕೊಡಿಸಲು ಹೊರಟ ಅಪ್ಪ ಅಮ್ಮಂದಿರಲ್ಲಿ ನನ್ನ ಮನವಿ ಇಷ್ಟೆ: ಅಂಗಡಿಯವನು ಹೇಳುವ ಅಂಕಿ ಕೇಳುವ ಮೊದಲು, ಮಗು ಆಡಬೇಕೆಂದಿರುವ ಆಟ ಯಾವುದು, ಅದು ಯಾವ ಯಂತ್ರದಲ್ಲಿ ಸಿಗುತ್ತದೆ, ಅವಳ ಗೆಳತಿಯರ ಮನೆಯಲ್ಲಿ ಯಾವುದಿದೆ ಎಂದು ಅವಳನ್ನೇ ಕೇಳಿ.