ನೆಂಟರು ಬಂದಾಗ ಗಾಳ ಎಲ್ಲಿ ಹಾಕಬೇಕು?

ದೀಪಾವಳಿಗೆ ಅಕ್ಕ, ಭಾವ ಹಾಗೂ ಅವರ ಹತ್ತು ವರ್ಷದ ಮಗ ಸೊಲ್ಲಾಪುರದಿಂದ ಚಿತ್ತಾಪುರಕ್ಕೆ ಬರುವುದು ನಮ್ಮ ಮನೆಯ ವಾಡಿಕೆ. ಭಾವ ಭೀಮಾ ದಂಡೆಯ ಊರಿನಲ್ಲಿ ಬೆಳೆದವರು. ಊಟ ಮುಗಿದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ ಕೂಡಲೆ ಅವರ ಪ್ರಶ್ನೆ ಸಿದ್ಧ: "ತಮ್ಮಾ, ನಾಳಿ ಗಾಳ ಹಾಕಲಿಕ್ಕ ಎಲ್ಲಿಗಿ ಹೋಗಮು?"

ಮೇಲುನೋಟಕ್ಕೆ ಇದು ಹಬ್ಬದ ದಿನದ ವಿನೋದ. ಆದರೆ ನಮ್ಮ ಚಿತ್ತಾಪುರ, ಸೇಡಂ, ಶಹಾಬಾದ, ಚಿಂಚೋಳಿ ಭಾಗದಲ್ಲಿ ಯಾವ ನೀರಿಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಎಂಬುದು ಜೀವಕ್ಕೂ, ಕಾಯಿದೆಗೂ, ಕೊನೆಗೆ ನಮ್ಮ ಬೇಸಾಯಕ್ಕೂ ಸಂಬಂಧಿಸಿದ ಮಾತಾಗಿದೆ. ರೈತ ಬಾಂಧವರ ಮನೆಗೂ ನೆಂಟರು ಬರುತ್ತಾರೆ. ಆದುದರಿಂದ ಇಲ್ಲಿಯ ನೀರುಗಳನ್ನು ಒಂದೊಂದಾಗಿ ನೋಡೋಣ.

ಕಾಲ ಮತ್ತು ಹೊತ್ತು

ಮಿರಗದ ದಿನ ಮೀನು ತಿನ್ನಬೇಕೆಂಬುದು ನಮ್ಮ ಕಡೆಯ ಹಳೆಯ ರೂಢಿ. ಆದರೆ ಗಾಳ ಹಾಕುವುದಕ್ಕೆ ಅದು ತಕ್ಕ ಕಾಲವಲ್ಲ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮುಂಗಾರಿನ ಹೊಸ ನೀರಿಗೆ ಮೊಟ್ಟೆಯಿಡಲು ಹೊಳೆಯಲ್ಲಿ ಎದುರೇರುವ ಸಮಯವದು. ಆಗ ಹಿಡಿದ ಒಂದು ಹೆಣ್ಣು ಮೀನಿನೊಡನೆ ಲಕ್ಷಾಂತರ ಮೊಟ್ಟೆಗಳೂ ಹೋಗುತ್ತವೆ. ಬಿತ್ತನೆಗೆ ಇಟ್ಟ ಬೀಜವನ್ನು ಕುಟ್ಟಿ ಅಡಿಗೆ ಮಾಡಿದಂತೆ ಇದು. ದೀಪಾವಳಿಯ ಹೊತ್ತಿಗೆ ಕೆಂಪು ನೀರು ತಿಳಿಯಾಗಿ, ಮೀನು ಮೈತುಂಬಿಕೊಂಡಿರುತ್ತದೆ.

ಹೊತ್ತಿನ ವಿಷಯವೂ ಮುಖ್ಯ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಬಿಸಿಲೇರಿದಾಗ ಮೀನು ಆಳಕ್ಕೆ ಇಳಿದು ಮೇವು ಬಿಡುವುದುಂಟು. ನಸುಕು ಮತ್ತು ಸಂಜೆಯೇ ಗಾಳಕ್ಕೆ ಯೋಗ್ಯ ಹೊತ್ತು.

ಕಲ್ಲಿನ ಖಣಿ: ನೋಡಲು ಚೆಂದ, ಇಳಿಯಲು ಕೇಡು

ನಮ್ಮ ಹುಡುಗನ ಕಣ್ಣು ಮೊದಲು ಬಿದ್ದದ್ದು ಫರಸಿ ಕಲ್ಲಿನ ಖಣಿಯ ಮೇಲೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತ ಕಲ್ಲು ತೆಗೆದು ಬಿಟ್ಟ ಹೊಂಡಗಳಲ್ಲಿ ಮಳೆನೀರು ತುಂಬಿ ನೀಲಿಯಾಗಿ ನಿಂತಿರುತ್ತದೆ. ಮನೆಗೆ ಹತ್ತಿರ, ಕೇಳುವವರಿಲ್ಲ.

ಆದರೆ ಖಣಿಗೆ ದಂಡೆ ಎಂಬುದೇ ಇಲ್ಲ. ಕೆರೆಯಲ್ಲಿ ನೀರು ಪಾದ, ಮೊಣಕಾಲು, ನಡು ಎಂದು ಕ್ರಮವಾಗಿ ಏರುತ್ತದೆ. ಖಣಿಯಲ್ಲಿ ಹಾಸುಗಲ್ಲಿನ ಅಂಚಿನಿಂದ ಒಂದು ಹೆಜ್ಜೆ ತಪ್ಪಿದರೆ ಆಳ ಎಷ್ಟೆಂದು ಹೇಳಲಾಗದು. ಗೋಡೆಯಂತಹ ಕಲ್ಲಿಗೆ ಕೈ ಹಿಡಿತ ಸಿಗದು. ಪದರ ಪದರವಾದ ಕಲ್ಲು ಕಾಲ ಕೆಳಗೇ ಜಾರಬಹುದು. ಈಜು ಬಲ್ಲವರಿಗೂ ಇಲ್ಲಿ ಮೇಲೆ ಬರುವುದು ಕಷ್ಟ.

ಮೀನಿನ ದೃಷ್ಟಿಯಿಂದಲೂ ಖಣಿ ಬಡವ. ಹುಲ್ಲು, ಜಂಬು, ಕೆಸರು ಇರುವ ತೆಳುನೀರಿನಲ್ಲಿ ಹುಳು ಹುಪ್ಪಟೆ ಬೆಳೆಯುತ್ತವೆ. ಅವನ್ನು ನಂಬಿ ಮೀನು ಬದುಕುತ್ತದೆ. ಕಡಿದಾದ ಕಲ್ಲುಗೋಡೆಯಲ್ಲಿ ಅದಕ್ಕೆ ಎಡೆಯಿಲ್ಲ. ಯಾರೂ ಮರಿ ಬಿಡದ ಖಣಿಯಲ್ಲಿ ದಿನವಿಡೀ ಕುಳಿತರೂ ಬೆಂಡು ಅಲುಗದಿರಬಹುದು. ಭಾವನವರು ಮಗನಿಗೆ ಒಂದೇ ಮಾತು ಹೇಳಿದರು: "ಅದು ನೀರಲ್ಲೋ, ಬಾಯ್ತೆರದ ಬಾವಿ."

ಚಂದ್ರಂಪಳ್ಳಿ ಮತ್ತು ಬೆಣ್ಣೆತೊರೆ

ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ಹೆಸರನ್ನು ಭಾವನವರೂ ಕೇಳಿದ್ದರು. ಕಾಡಿನ ನಡುವಿನ ಆ ನೀರು ಕಣ್ಣಿಗೆ ಹಬ್ಬವೇ ಸರಿ. ಆದರೆ 2011ರಲ್ಲಿ ಚಿಂಚೋಳಿ ಅರಣ್ಯವನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಗಿದ್ದು, ಈ ಜಲಾಶಯ ಅದರೊಳಗಿದೆ. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದು ನೋಡಲು ಹೋಗಬೇಕು. ಗಾಳದ ಕೋಲನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.

ಹೇರೂರ ಬಳಿಯ ಬೆಣ್ಣೆತೊರೆ ಜಲಾಶಯ ಹಾಗೂ ಊರ ದೊಡ್ಡ ಕೆರೆಗಳ ಮಾತು ಬೇರೆ. ಇಂತಹ ನೀರುಗಳ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆಯಾಗಿಯೋ, ಹರಾಜಿನಲ್ಲಿ ಹಿಡಿದವರಿಗೋ ಕೊಡಲಾಗುತ್ತದೆ. ಅವರು ಹಣ ಕಟ್ಟಿ ಮರಿ ಬಿಟ್ಟಿರುತ್ತಾರೆ. ನಮ್ಮ ಹೊಲದ ತೊಗರಿ ಕಾಯನ್ನು ದಾರಿಹೋಕರು ಕಿತ್ತರೆ ನಮಗೆ ಹೇಗಾಗುವುದೋ, ಕೇಳದೆ ಗಾಳ ಹಾಕಿದರೆ ಅವರಿಗೂ ಹಾಗೆಯೇ. ಮುಂಚೆ ಕೇಳಿ, ಅವರು ಹೇಳಿದ ಹಣ ಕೊಟ್ಟು ಕುಳಿತರೆ ಮರ್ಯಾದೆಯೂ ಉಳಿಯುತ್ತದೆ, ಮೀನಿರುವ ಜಾಗವೂ ತಿಳಿಯುತ್ತದೆ.

ಕೃಷಿಹೊಂಡ

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಕೃಷಿಹೊಂಡ ತೋಡಿಸಿದ ರೈತರು ಅನೇಕರು. ನೀರು ಹೆಚ್ಚು ತಿಂಗಳು ನಿಲ್ಲುವ ಹೊಂಡದಲ್ಲಿ ಮೀನು ಮರಿ ಬಿಟ್ಟವರೂ ಇದ್ದಾರೆ. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರನ್ನೂ ಕೂಡಿಸಿ ಬಿಟ್ಟರೆ ಒಂದರ ಮೇವಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಅಕ್ಕಡಿ ಬೆಳೆಯ ತತ್ವವೇ ಇಲ್ಲಿಯೂ.

ಗೆಳೆಯರ ಹೊಂಡವಿದ್ದರೆ ಮಕ್ಕಳಿಗೆ ಗಾಳ ಕಲಿಸಲು ಇದು ಒಳ್ಳೆಯ ಜಾಗ. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಇಳಿಜಾರು ಒದ್ದೆಯಾದಾಗ ಎಣ್ಣೆ ಸವರಿದಂತೆ ಜಾರುತ್ತದೆ. ಹೊಂಡದ ಸುತ್ತ ಬೇಲಿ, ನಾಲ್ಕೂ ಕಡೆ ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಟ್ಟ ಗಂಟಿನ ಹಗ್ಗ ಇರತಕ್ಕದ್ದು.

ಹೊಳೆ ಮತ್ತು ಹಳ್ಳ

ಉಳಿದದ್ದು ನಮ್ಮ ಕಾಗಿಣಾ. ತೆಲಂಗಾಣದಿಂದ ಸೇಡಂ ಕಡೆಗೆ ಇಳಿದು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಬದಿಯಲ್ಲಿ ಹರಿದು, ಮುಲ್ಲಾಮಾರಿ, ಬೆಣ್ಣೆತೊರೆಗಳನ್ನು ಕೂಡಿಸಿಕೊಂಡು ಭೀಮೆಯನ್ನು ಸೇರುತ್ತದೆ. ಬಾಳೆ ಮೀನು, ಕೊರವ ಮೀನು, ಗಿರ್ಲು, ಎಲ್ಲಕ್ಕೂ ಇದರ ಮಡುಗಳೇ ತವರು.

ಇಲ್ಲಿ ಎರಡು ಎಚ್ಚರಗಳಿವೆ. ನಮ್ಮಲ್ಲಿ ಹನಿ ಬೀಳದಿದ್ದರೂ ಮೇಲುಭಾಗದ ಮಳೆಯಿಂದಾಗಲಿ, ಅಣೆಕಟ್ಟಿನ ಗೇಟು ತೆರೆದುದರಿಂದಾಗಲಿ ಹೊಳೆ ಒಮ್ಮೆಲೆ ಏರಬಹುದು. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ಎರಡೂ ಉಕ್ಕಿದ್ದನ್ನು ಯಾರೂ ಮರೆತಿಲ್ಲ. ಎರಡನೆಯದಾಗಿ, ಕೊರವ ಮೀನು ತನ್ನ ಮರಿಗಳನ್ನು ಕಾಯುವ ಮೀನು. ದಂಡೆಯ ಹುಲ್ಲಿನ ಬಳಿ ಕೆಂಪು ಮರಿಗಳ ಹಿಂಡು ಉಂಡೆಯಾಗಿ ಏಳುತ್ತ ಮುಳುಗುತ್ತ ಇದ್ದರೆ, ಕೆಳಗೆ ತಂದೆ ತಾಯಿ ಇವೆಯೆಂದು ತಿಳಿಯಬೇಕು. ಆಗ ಗಾಳಕ್ಕೆ ಬೀಳುವುದೂ ಸುಲಭ, ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ ಹೋಗುವುದೂ ಸುಲಭ. ಅಲ್ಲಿಂದ ಗಾಳ ಎತ್ತಿಕೊಳ್ಳುವುದೇ ಧರ್ಮ.

ಹಿಂದಿನ ಒಂದು ವರ್ಷದ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಭಾವನವರೊಡನೆ ಹೊಳೆಗೆ ಸೇರುವ ಹಳ್ಳವೊಂದಕ್ಕೆ ನಸುಕಿನಲ್ಲೇ ಹೋಗಿದ್ದೆ. ಗಾಳಕ್ಕೆ ಎರೆಹುಳು ಚುಚ್ಚುವ ಮೊದಲೇ ಹುಡುಗ ಕೂಗಿದ: "ಮಾಮಾ, ಮೀನ ಮಲಕೊಂಡಾವ!" ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ತುಸು ಮೇಲಕ್ಕೆ ನಡೆದು ನೋಡಿದರೆ ತೊಗರಿ ಹೊಲದ ಕೆಳಗೆ, ಹಳ್ಳದ ದಂಡೆಯ ಮೇಲೆ, ಔಷಧಿಯ ಖಾಲಿ ಬಾಟಲಿ ಬಿದ್ದಿತ್ತು. ಸಂಜೆ ಸಿಂಪರಣೆ ಮುಗಿಸಿ ಪಂಪನ್ನು ಅಲ್ಲಿಯೇ ತೊಳೆದಿದ್ದರು.

ಕಾಯಿಕೊರಕಕ್ಕೆ ಆ ಔಷಧಿಯನ್ನು ತರಬೇತಿಯಲ್ಲಿ ಬರೆಸಿದವನು ನಾನೇ. ಲೀಟರಿಗೆ ಎಷ್ಟು ಎಂಬುದನ್ನು ಎರಡೆರಡು ಸಲ ಹೇಳಿದ್ದೆ. ಪಂಪು ಎಲ್ಲಿ ತೊಳೆಯಬೇಕೆಂಬುದನ್ನು ಒಂದು ಸಲವೂ ಹೇಳಿರಲಿಲ್ಲ. ರೈತರು ನಾನು ಹೇಳಿದ್ದನ್ನು ಸರಿಯಾಗಿಯೇ ಮಾಡಿದ್ದರು. ಭಾವನವರು ಏನೂ ಅನ್ನಲಿಲ್ಲ, ಗಾಳ ಸುತ್ತಿಕೊಂಡರು. ಅದೇ ಹಳ್ಳದ ನೀರನ್ನು ಕೆಳಗೆ ದನಗಳು ಕುಡಿಯುತ್ತವೆ ಎಂಬುದು ಮನೆ ಮುಟ್ಟುವವರೆಗೂ ನನ್ನನ್ನು ಕಾಡುತ್ತಿತ್ತು.

ಸೈಪರ್‌ಮೆಥ್ರಿನ್, ಫೆನ್‌ವಲರೇಟ್ ಮುಂತಾದ ಪೈರಿಥ್ರಾಯಿಡ್ ಗುಂಪಿನ ಔಷಧಿಗಳು ಮೀನಿಗೆ ಅತ್ಯಂತ ವಿಷಕಾರಿ. ತೀರ ಅಲ್ಪ ಪ್ರಮಾಣವೂ ಸಾಕು. ದೀಪಾವಳಿಯ ಸುಮಾರಿಗೆ ತೊಗರಿ ಹೂ ಬಿಡುವುದರಿಂದ, ಗಾಳದ ಕಾಲವೂ ಸಿಂಪರಣೆಯ ಕಾಲವೂ ನಮ್ಮಲ್ಲಿ ಒಂದೇ ಆಗಿವೆ. ಆದ್ದರಿಂದ ಈ ಕೆಳಗಿನವುಗಳನ್ನು ಲಕ್ಷ್ಯದಲ್ಲಿಡಬೇಕು.

1. ಪಂಪನ್ನು ಹಳ್ಳ, ಬಾವಿ, ಕೃಷಿಹೊಂಡಗಳ ಬಳಿ ತೊಳೆಯಬಾರದು. ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸಿದ ಬೆಳೆಯ ಮೇಲೆಯೇ ಹೊಡೆಯಬೇಕು.

2. ಹಳ್ಳದ ಬದಿಯ ಕೆಲವು ಸಾಲುಗಳಿಗೆ ಔಷಧಿ ಹೊಡೆಯದೆ ಬಿಡಬೇಕು. ಮಳೆಯ ಸೂಚನೆ ಇದ್ದಾಗಲೂ, ಗಾಳಿ ನೀರಿನ ಕಡೆಗೆ ಬೀಸುವಾಗಲೂ ಸಿಂಪಡಿಸಬಾರದು.

3. ಖಾಲಿ ಬಾಟಲಿ, ಡಬ್ಬಿಗಳನ್ನು ನೀರಿಗೆ ಎಸೆಯಬಾರದು. ತೂತು ಮಾಡಿ ನೀರಿನ ಆಸರೆಗಳಿಂದ ದೂರ ಹೂಳಬೇಕು.

4. ಮೊದಲ ಹಂತದಲ್ಲಿ ಶೇಕಡಾ 5ರ ಬೇವಿನ ಬೀಜದ ಕಷಾಯ ಬಳಸಬೇಕು. ಗಿಡ ಅಲುಗಾಡಿಸಿ ಹುಳು ಕೆಡವುವುದು, ಹಕ್ಕಿ ಕೂಡಲು ಕವಲುಕೋಲು ನೆಡುವುದು ಖರ್ಚಿಲ್ಲದ ಉಪಾಯಗಳು.

5. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದು 1897ರ ಕಾಯಿದೆಯಿಂದಲೇ ನಿಷಿದ್ಧ. ಹಾಗೆ ಹಿಡಿಯುವವರಿಗೆ ಊರಿನವರು ಆಸ್ಪದ ಕೊಡಬಾರದು.

ಕಳೆದ ದೀಪಾವಳಿಗೆ ನಾವು ಕಾಗಿಣಾದ ತಿಳಿನೀರಿನ ಒಂದು ಮಡುವಿಗೆ ಹೋದೆವು. ಊರಿನವರನ್ನು ಕೇಳಿ, ಗಟ್ಟಿ ದಂಡೆ ನೋಡಿ ಕುಳಿತೆವು. ಶೇಂಗಾ ಹಿಂಡಿಗೆ ಜೋಳದ ಹಿಟ್ಟು ಕೂಡಿಸಿ ಕಲಸಿದ ಕಣಕವನ್ನು ಗಾಳಕ್ಕೆ ಸಿಕ್ಕಿಸಿದೆವು. ಬಿಸಿಲೇರುವುದರೊಳಗೆ ನಾಲ್ಕು ಗಿರ್ಲು, ಒಂದು ಸಣ್ಣ ರೋಹು ಸಿಕ್ಕವು. ಮನೆಮಂದಿಗೆಲ್ಲ ಸಾಲುವಷ್ಟಿರಲಿಲ್ಲ; ಸಾರಿಗೆ ವಾಸನೆ ಬಂದಿತ್ತು ಎನ್ನಬಹುದು. ಆದರೂ ಹುಡುಗ ಊರಿಗೆ ಹೊರಡುವಾಗ ಮುಂದಿನ ವರ್ಷದ ಜಾಗವನ್ನು ಗೊತ್ತು ಮಾಡಿಯೇ ಹೋದ.

ಆ ಜಾಗವನ್ನು ಮುಂದಿನ ವರ್ಷದವರೆಗೆ ಕಾಯುವುದು ದಂಡೆಯ ಮೇಲಿನ ಹೊಲದವರ ಕೈಯಲ್ಲಿದೆ. ಈಗ ತರಬೇತಿಯಲ್ಲಿ ಔಷಧಿಯ ಪ್ರಮಾಣ ಬರೆಸಿದ ಕೂಡಲೆ, ಪಂಪು ತೊಳೆಯುವ ಜಾಗವನ್ನೂ ಬರೆಸುತ್ತೇನೆ. ಓದುಗ ರೈತರು ಆ ಒಂದು ಸಾಲನ್ನು ತಮ್ಮ ಆಳುಮಕ್ಕಳಿಗೂ ನೆರೆಹೊಲದವರಿಗೂ ಮುಟ್ಟಿಸಬೇಕೆಂದು ವಿನಂತಿ.