ಬೆತ್ತ ಬಿಟ್ಟ ಕೈಗೆ ಬೇಕಾದದ್ದು

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ದೈಹಿಕ ದಂಡನೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಗಾಂವಠಿ ಶಾಲೆಗಳಲ್ಲಿ ಹುಡುಗರನ್ನು ಹಗ್ಗಕ್ಕೆ ಜೋತುಬೀಳಿಸುತ್ತಿದ್ದ ‘ಕೋದಂಡ’ದ ಕಥೆಗಳನ್ನು ಹಿರಿಯರಿಂದ ಕೇಳಿ ಬೆಳೆದ ನಮ್ಮ ವಿಜಯಪುರ ಸೀಮೆಗೆ ಇದು ಸಣ್ಣ ಬದಲಾವಣೆಯಲ್ಲ. ಆದರೆ ಬೆತ್ತ ಕೆಳಗಿಟ್ಟ ಕೈಗೆ ಮುಂದಿನ ದಾರಿಯನ್ನು ಯಾರೂ ತೋರಿಸಲಿಲ್ಲ. ಹೊರ್ತಿಯ ಸುತ್ತಿನ ಹಳ್ಳಿಗಳಲ್ಲಿ ಶಿಕ್ಷಕರಿಂದಲೂ ಪಾಲಕರಿಂದಲೂ ನಾನು ಕೇಳಿರುವುದು ಒಂದೇ ಪ್ರಶ್ನೆ: ‘ಹೊಡೀಬ್ಯಾಡ್ರಿ ಅಂತೀರಿ, ಮತ್ತ ಏನ್ ಮಾಡೂನ್ರಿ?’

ನ್ಯಾಯವಾದ ಪ್ರಶ್ನೆ. ಇದಕ್ಕೆ ಮನೋವಿಜ್ಞಾನ ಕೊಟ್ಟ ಉತ್ತರಗಳಲ್ಲೊಂದು ಲಘು ಶಿಕ್ಷೆ. ಅದರಲ್ಲಿ ಹೆಸರಾದದ್ದು ‘ಟೈಮ್ ಔಟ್’. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾಂಟ್ರೋಸ್ ವುಲ್ಫ್ ಮತ್ತು ಸಂಗಡಿಗರು ಮೂರೂವರೆ ವರ್ಷದ, ಸ್ವಲೀನತೆಯಿದ್ದ ಬಾಲಕನೊಬ್ಬನ ರಂಪಾಟ ತಗ್ಗಿಸಲು ಇದನ್ನು ಬಳಸಿದರು. ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಕನ್ನಡಕ ಧರಿಸಲೇಬೇಕಿದ್ದ ಆ ಮಗು ಅದನ್ನು ಕಿತ್ತೆಸೆಯುತ್ತಿತ್ತು. ಎಸೆದಾಗ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಸ್ವಲ್ಪ ಹೊತ್ತು ಅವನ ಕೋಣೆಯಲ್ಲಿ ಒಂಟಿಯಾಗಿರಿಸಿದರು. ಎಸೆಯುವುದು ನಿಂತಿತು. ಈ ವರದಿ ಪ್ರಕಟವಾದದ್ದು 1964ರಲ್ಲಿ.

ವಿಧಾನ ಸರಳ. ಒಮ್ಮೆ ಎಚ್ಚರಿಕೆ, ಕೇಳದಿದ್ದರೆ ಕಣ್ಣಳತೆಯಲ್ಲೇ ಕೆಲವು ನಿಮಿಷ ಸುಮ್ಮನೆ ಕೂರಿಸುವುದು, ನಂತರ ಆ ಮಾತು ಅಲ್ಲಿಗೇ ಮುಗಿಯಬೇಕು. ಕತ್ತಲೆ ಕೋಣೆಗೆ ನೂಕಿ ಚಿಲಕ ಹಾಕುವುದು, ಊಟ ತಪ್ಪಿಸುವುದು, ದಿನಗಟ್ಟಲೆ ಮಾತು ಬಿಡುವುದು ಇವ್ಯಾವುವೂ ಲಘು ಶಿಕ್ಷೆಗಳಲ್ಲ, ಬೆತ್ತದ ದಾಯಾದಿಗಳು.

ಆದರೆ ನನ್ನ ಆತಂಕ ಬೇರೆಯದು. ಈ ಶಿಕ್ಷೆಯ ಪೂರ್ಣ ಹೆಸರನ್ನು ಕನ್ನಡಕ್ಕೆ ತಂದರೆ, ಹಿತವೆನಿಸುವ ಸಂಗತಿಗಳಿಂದ ತುಸು ಹೊತ್ತಿನ ವಿರಾಮ ಎಂದಾಗುತ್ತದೆ. ಹಿತವೆನಿಸುವುದು ಮೊದಲು ಇರಬೇಕಲ್ಲ? ನಮ್ಮ ಇಂಡಿ ಭಾಗದಿಂದ ವರ್ಷವರ್ಷವೂ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರದತ್ತ ಹೋಗುತ್ತವೆ. ಎಷ್ಟೋ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ದನ, ನೀರು, ಒಲೆ ಎಂದು ದಿನವಿಡೀ ಓಡಾಡುವ ಆ ಮುದಿಜೀವಕ್ಕೆ ಮೊಮ್ಮಗನೊಡನೆ ಮಾತನಾಡಲು ಪುರುಸೊತ್ತು ಸಿಗುವುದು ಅವನು ಕೋಳಿಗೆ ಕಲ್ಲೆಸೆದಾಗ ಮಾತ್ರ. ಬೈಗುಳವೇ ಅವನ ಪಾಲಿನ ಅಕ್ಕರೆ. ಅದಕ್ಕಾಗಿ ಮತ್ತೊಂದು ಕಲ್ಲೆತ್ತಿಕೊಳ್ಳುತ್ತಾನೆ. ಅಂಥವನನ್ನು ಪಡಸಾಲೆಯ ಮೂಲೆಯಲ್ಲಿ ಐದು ನಿಮಿಷ ಕೂರಿಸಿದರೆ ಅವನು ಕಳೆದುಕೊಳ್ಳುವುದಾದರೂ ಏನು? ಅವನು ಮೊದಲೇ ಮೂಲೆಯಲ್ಲಿದ್ದಾನೆ.

ಆದ್ದರಿಂದ ಲಘು ಶಿಕ್ಷೆಯನ್ನು ಕಲಿಸಹೊರಟವರು ಅದರ ಇನ್ನರ್ಧವನ್ನೂ ಕಲಿಸಬೇಕು: ಮಗು ಸರಿಯಾಗಿ ನಡೆದ ಗಳಿಗೆಯನ್ನು ಹಿಡಿದು ಹೊಗಳುವುದು, ದಿನಕ್ಕೆ ಹತ್ತು ನಿಮಿಷವಾದರೂ ಬುದ್ಧಿವಾದವಿಲ್ಲದೆ ಅದರ ಜೊತೆಗಿರುವುದು. ಶಿಕ್ಷೆ ಏನು ಮಾಡಬಾರದೆಂದಷ್ಟೇ ಹೇಳೀತು. ಮಾಡಬೇಕಾದದ್ದನ್ನು ಅದು ಕಲಿಸದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಹೊಡೆತದ ಜೊತೆಗೆ ಅವಮಾನಿಸುವ ಮಾತನ್ನೂ ಬೇಡವೆಂದಿತು. ಸ್ವೀಡನ್ 1979ರಲ್ಲೇ ಮನೆಯೊಳಗಿನ ಹೊಡೆತವನ್ನು ನಿಷೇಧಿಸಿತು. ನಮ್ಮ ಕಾನೂನು ಇನ್ನೂ ಮನೆಯ ಹೊಸ್ತಿಲಲ್ಲೇ ನಿಂತಿದೆ. ಅದು ಒಳಬಂದರೂ ಅಜ್ಜಿಯ ಪುರುಸೊತ್ತನ್ನು ಕಾನೂನು ತರಲಾರದು. ಅದಕ್ಕೆ ಊರಲ್ಲೇ ಕೂಲಿ, ಇಲ್ಲವೇ ಮಕ್ಕಳಿಗೆ ಋತುಮಾನದ ವಸತಿ ವ್ಯವಸ್ಥೆ ಬೇಕು.

ಅಲ್ಲಿಯವರೆಗೆ ಕೈಯಲ್ಲಿರುವುದೊಂದಿದೆ: ಕಬ್ಬಿನ ಅಡ್ಡೆಯಿಂದ ರಾತ್ರಿ ಬರುವ ತಾಯಿಯ ಫೋನು. ಅನೇಕ ಮನೆಗಳಲ್ಲಿ ದಿನದ ದೂರುಗಳೆಲ್ಲ ಅದಕ್ಕಾಗಿಯೇ ಕಾದಿರುತ್ತವೆ. ‘ಇವತ್ತ ಅವ್ವನ ಜೋಡಿ ಮಾತಾಡಸೂದಿಲ್ಲ’ ಎಂಬ ಬೆದರಿಕೆಯೂ ಉಂಟು. ಮಗುವಿನಿಂದ ಏನನ್ನು ಕಸಿದರೂ ಆ ಕರೆಯನ್ನು ಮಾತ್ರ ಕಸಿಯಬೇಡಿ. ದೂರಿಗೆ ಮುಂಚೆ, ಅಂದು ಅವನು ಹೊತ್ತು ತಂದ ಒಂದು ಕೊಡ ನೀರಿನ ಸುದ್ದಿ ಅವಳಿಗೆ ತಲುಪಲಿ.