ಸೂಚ್ಯಂಕಕ್ಕೆ ಸಿಗದ ವಾಸನೆ

ಮುಂಬಯಿಯ ಆಂಟಾಪ್ ಹಿಲ್‌ನಿಂದ ಪೂರ್ವಕ್ಕೆ ಹೊರಟರೆ ಮೊದಲು ಸಿಗುವುದು ವಡಾಲದ ಉಪ್ಪಿನಾಗರಗಳ ಬಯಲು. ಅದರಾಚೆ ಕಾಂಡ್ಲಾ ಕಾಡು, ಖಾಡಿ ಎಂಬ ಕಡಲ ಹಿನ್ನೀರು. ಖಾಡಿಯ ಆ ದಡದಲ್ಲಿ ಮಾಹುಲ್‌ನ ಎಣ್ಣೆ ಟ್ಯಾಂಕುಗಳು, ಚೆಂಬೂರಿನ ತೈಲ ಸಂಸ್ಕರಣಾಗಾರಗಳು. 1950ರ ದಶಕದ ನಡುವೆ ವಿದೇಶಿ ಕಂಪನಿಗಳು ಇಲ್ಲಿ ಸಂಸ್ಕರಣಾಗಾರ ಕಟ್ಟಿದಾಗ ಇದು ಊರಾಚೆಯ ಜಾಗ. ಮಾಹುಲ್‌ನ ಕೋಳಿ ಸಮುದಾಯದ ಮೀನುಗಾರರು ಮಾತ್ರ ಅದಕ್ಕೂ ಮೊದಲಿನಿಂದ ಇದ್ದವರು. ಆಮೇಲೆ ರಸಗೊಬ್ಬರ ಕಾರ್ಖಾನೆ ಬಂತು, ವಿದ್ಯುತ್ ಸ್ಥಾವರ ಬಂತು. ಕೊನೆಗೆ ನಗರವೇ ಬೆಳೆದು ಬಂದು ಇವನ್ನೆಲ್ಲ ಸುತ್ತುವರಿಯಿತು.

ಹಗಲು ನೆಲ ಬೇಗ ಕಾಯುವುದರಿಂದ ಗಾಳಿ ಅರಬ್ಬೀ ಸಮುದ್ರದಿಂದ ಪೂರ್ವಕ್ಕೆ ಬೀಸುತ್ತದೆ. ರಾತ್ರಿ ನೆಲ ತಣಿದ ಮೇಲೆ ದಿಕ್ಕು ಬದಲಾಗಿ ಸಮುದ್ರದ ಕಡೆಗೆ ತಿರುಗುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ನೆಲದ ಹತ್ತಿರದ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುವುದರಿಂದ ಹೊಗೆ, ಆವಿ ಯಾವುದೂ ಮೇಲೇರುವುದಿಲ್ಲ. ಆದ್ದರಿಂದ ಖಾಡಿಯ ಆಚೆ ಹುಟ್ಟಿದ್ದು ಆಚೆಯೇ ಉಳಿಯುತ್ತದೆ ಎನ್ನುವಂತಿಲ್ಲ.

ಅಲ್ಲಿ ಹುಟ್ಟುವುದು ಬರೀ ಹೊಗೆಯಲ್ಲ. ಪೆಟ್ರೋಲು, ನಾಫ್ತಾದಂಥ ದ್ರವಗಳು ಮಾಮೂಲಿ ಬಿಸಿಲಿಗೇ ಆವಿಯಾಗುತ್ತವೆ. ಖಾಲಿ ಟ್ಯಾಂಕಿಗೆ ದ್ರವ ಇಳಿಸಿದಷ್ಟೂ ಒಳಗಿದ್ದ ಆವಿ ಹೊರಗೆ ನುಗ್ಗುತ್ತದೆ. ಬೆಂಜೀನ್, ಟೊಲ್ವಿನ್, ಜೈಲೀನ್‌ಗಳಿರುವ ಈ ಆವಿಗಳಿಗೆ ಆವಿಶೀಲ ಸಾವಯವ ಸಂಯುಕ್ತಗಳೆಂದು ಹೆಸರು. ಬೆಂಜೀನ್ ಮೂಳೆಯ ಮಜ್ಜೆಗೆ ಹಾನಿ ಮಾಡಿ ರಕ್ತದ ಕ್ಯಾನ್ಸರ್ ತರಬಲ್ಲದು. ವಾಹನಗಳ ನೈಟ್ರೋಜನ್ ಆಕ್ಸೈಡ್ ಜೊತೆ ಬಿಸಿಲಲ್ಲಿ ಸೇರಿದರೆ ಈ ಆವಿಗಳು ಓಝೋನನ್ನೂ ಹುಟ್ಟಿಸುತ್ತವೆ.

ಈಗ ಮೊಬೈಲಿನಲ್ಲಿ ಕಾಣುವ ವಾಯು ಗುಣಮಟ್ಟ ಸೂಚ್ಯಂಕಕ್ಕೆ ಬನ್ನಿ. ಅದರ ಲೆಕ್ಕದಲ್ಲಿರುವುದು ಎಂಟು ಮಾಲಿನ್ಯಕಾರಕಗಳು: ಎರಡು ಗಾತ್ರದ ದೂಳಿನ ಕಣಗಳು, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಬೆಂಜೀನ್ ಇಲ್ಲ. 2009ರ ರಾಷ್ಟ್ರೀಯ ಮಾನದಂಡಗಳ ಹನ್ನೆರಡರ ಪಟ್ಟಿಯಲ್ಲಿ ಬೆಂಜೀನ್ ಇದೆ. ಆದರೆ ಅದರ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಎಂಬ ವಾರ್ಷಿಕ ಸರಾಸರಿ ಮಾತ್ರ. ಟ್ಯಾಂಕು ತುಂಬಿಸುವ ಒಂದೆರಡು ತಾಸು ಮೂಗಿಗೆ ಅಡರುವ ಆವಿ, ವರ್ಷದ 8,760 ತಾಸುಗಳ ಸರಾಸರಿಯಲ್ಲಿ ಕರಗಿಹೋಗುತ್ತದೆ. ಟೊಲ್ವಿನ್, ಜೈಲೀನ್‌ಗಳಿಗೆ ಆ ಪಟ್ಟಿಯಲ್ಲೂ ಜಾಗವಿಲ್ಲ.

ಆದ್ದರಿಂದ ಮಾಹುಲ್‌ನ ಜನ ತಮ್ಮ ದೇಹವನ್ನೇ ಸಾಕ್ಷಿಯಾಗಿ ಒಡ್ಡಬೇಕಾಯಿತು. 2013ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯ ವೈದ್ಯರ ಸಮೀಕ್ಷೆಯಲ್ಲಿ ಮೂರರಲ್ಲಿ ಎರಡು ಪಾಲು ಜನ ಉಸಿರಾಟದ ತೊಂದರೆ ಹೇಳಿಕೊಂಡರು. ಹಾಗಿದ್ದೂ ನಗರಕ್ಕೆ ನೀರು ತರುವ ತಾನ್ಸಾ ಕೊಳವೆಯ ಬದಿಯಿಂದ ಒಕ್ಕಲೆಬ್ಬಿಸಿದ ಸಾವಿರಾರು ಕುಟುಂಬಗಳನ್ನು ಇಲ್ಲಿಗೇ ಕಳುಹಿಸಲಾಯಿತು. ಅವರನ್ನು ಬಲವಂತವಾಗಿ ಇಲ್ಲಿ ಇರಿಸುವಂತಿಲ್ಲ ಎಂದು 2019ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. 2020ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಎರಡು ಸಂಸ್ಕರಣಾಗಾರ, ಎರಡು ಸಂಗ್ರಹಣಾ ಕಂಪನಿಗಳ ಮೇಲೆ ಒಟ್ಟು ಸುಮಾರು 286 ಕೋಟಿ ರೂಪಾಯಿ ಪರಿಹಾರ ಹೊರಿಸಿತು.

ಕಾನೂನಿಗೆ ಬರವಿರಲಿಲ್ಲ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, ಭೋಪಾಲ್ ದುರಂತದ ನಂತರದ 1986ರ ಪರಿಸರ ಸಂರಕ್ಷಣಾ ಕಾಯ್ದೆ ಎಲ್ಲವೂ ಇದ್ದವು. ತಂತ್ರಜ್ಞಾನಕ್ಕೂ ಬರವಿಲ್ಲ: ದ್ರವದ ಮೇಲೆ ತೇಲುವ ಚಾವಣಿಯ ಟ್ಯಾಂಕುಗಳಿವೆ, ಹೊರಬರುವ ಆವಿಯನ್ನು ಹಿಡಿದು ಮತ್ತೆ ದ್ರವವಾಗಿಸುವ ಘಟಕಗಳಿವೆ. ಇಲ್ಲದ್ದು ಸರಿಯಾದ ಅಳತೆ. ಕೈಗಾರಿಕೆ ಯಾವುದೆಂದು ನೋಡದೆ ದೇಶಕ್ಕೆಲ್ಲ ಒಂದೇ ಸೂಚ್ಯಂಕ ಹಿಡಿದರೆ, ದೂಳಿನ ನಗರಕ್ಕೂ ಎಣ್ಣೆಯ ನೆರೆಗೂ ಒಂದೇ ತಕ್ಕಡಿ. ಎಂಆರ್‌ಪಿಎಲ್‌ನ ತೈಲ ಸಂಸ್ಕರಣಾಗಾರದ ಕೋಕ್ ಘಟಕದ ವಿರುದ್ಧ ಹೋರಾಡಿದ ಮಂಗಳೂರಿನ ಜೋಕಟ್ಟೆಯವರಿಗೂ ಈ ಪ್ರಶ್ನೆ ಹೊಸದಲ್ಲ.

ಸಂಸ್ಕರಣಾಗಾರಗಳ ಸುತ್ತ ಬೆಂಜೀನ್‌ಗೆ ತಾಸಿನ ಮಿತಿ ಗೊತ್ತುಪಡಿಸಿ, ಬೇಲಿಯಂಚಿನಲ್ಲಿ ಅಳೆದು, ಆ ಅಂಕಿಯನ್ನು ಅಂದಂದೇ ಅಲ್ಲಿನ ಜನರಿಗೆ ತೋರಿಸಬೇಕು. ಆಗ ಉಸಿರುಕಟ್ಟುತ್ತಿದೆ ಎಂದು ಸಾಬೀತು ಮಾಡುವ ಹೊಣೆ ನಿವಾಸಿಯ ಮೇಲಿರುವುದಿಲ್ಲ. ಆವಿ ಸೋರುತ್ತಿಲ್ಲ ಎಂದು ತೋರಿಸುವ ಹೊಣೆ ಕಂಪನಿಯದಾಗುತ್ತದೆ.